ನಡಿಗೆಯೇ ಔಷಧಿಯಾದವರನ್ನು ಮನೆಯೊಳಗೆ ಕೂರಿಸುವ ಮುನ್ನ

ಸಾಂಕ್ರಾಮಿಕ ತುರ್ತುಸ್ಥಿತಿಯ ನಿಯಮಗಳನ್ನು ರೂಪಿಸುವ ಆರೋಗ್ಯಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

2025ರ ಮೇ 20ರಂದು ಜಿನೀವಾದಲ್ಲಿ ಸೇರಿದ್ದ ವಿಶ್ವ ಆರೋಗ್ಯ ಸಭೆಯು ಮಹಾಸಾಂಕ್ರಾಮಿಕಗಳನ್ನು ಎದುರಿಸಲು ದೇಶಗಳು ಹೇಗೆ ಸಜ್ಜಾಗಿರಬೇಕೆಂಬ ಒಪ್ಪಂದವನ್ನು ಅಂಗೀಕರಿಸಿದ ಮೇಲೆ, ಮುಂದಿನ ಬಾರಿ ಏನು ಮಾಡಬೇಕೆಂಬ ಯೋಜನೆಗಳನ್ನು ಹೊಸದಾಗಿ ಬರೆಯುವ ಕೆಲಸ ನಿಮ್ಮ ಮೇಜಿಗೆ ಬಂದಿದೆ, ಇಲ್ಲವೇ ಸದ್ಯದಲ್ಲೇ ಬರಲಿದೆ. ಯಾರು ಮನೆಯಿಂದ ಹೊರಬರಬಹುದು, ಯಾವ ಚಿಕಿತ್ಸೆ ಮುಂದುವರಿಯಬೇಕು, ಯಾವುದನ್ನು ನಿಲ್ಲಿಸಬಹುದು ಎಂಬ ಪಟ್ಟಿಗಳು ಆ ಯೋಜನೆಗಳಲ್ಲಿ ಇರುತ್ತವೆ. ತುರ್ತುಸ್ಥಿತಿ ಬಂದೆರಗಿದ ಮೇಲೆ ಅವನ್ನು ತಿದ್ದುವ ವ್ಯವಧಾನ ಯಾರಿಗೂ ಇರುವುದಿಲ್ಲವೆಂಬುದನ್ನು 2020ರಲ್ಲಿ ಕೋವಿಡ್ ಬಂದಾಗ ನಾವೆಲ್ಲ ಕಂಡಿದ್ದೇವೆ. ಆದ್ದರಿಂದ ಹೇಳಬೇಕಾದ್ದನ್ನು ಈಗಲೇ, ನಿಮಗೆ ಬಿಡುವಿರುವಾಗಲೇ ಹೇಳುವುದು ಲೇಸೆಂದು ಈ ಪತ್ರ ಬರೆಯುತ್ತಿದ್ದೇನೆ.

ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎಂಬ, ಬೆನ್ನುಮೂಳೆಯ ಕೀಲುಗಳಲ್ಲಿ ಉರಿಯೂತ ಹುಟ್ಟಿಸಿ ಕಾಲಕ್ರಮೇಣ ಅವನ್ನು ಒಂದಕ್ಕೊಂದು ಬೆಸೆದುಬಿಡಬಲ್ಲ ಕಾಯಿಲೆಯೊಂದಿಗೆ ನಾನು ಬಹುಕಾಲದಿಂದ ಬದುಕುತ್ತಿದ್ದೇನೆ. ಲಾಕ್‌ಡೌನ್ ಮಾಡಲೇಬಾರದಿತ್ತು ಎಂದು ವಾದಿಸುವ ಉದ್ದೇಶ ನನಗಿಲ್ಲ. ಲಸಿಕೆಯೂ ಇರದ, ಖಚಿತ ಚಿಕಿತ್ಸೆಯೂ ಇರದ ತಿಂಗಳುಗಳಲ್ಲಿ ಜನಸಂಪರ್ಕ ತಗ್ಗಿಸಿದ್ದರಿಂದ ಕಾಪಾಡಲ್ಪಟ್ಟವರಲ್ಲಿ ನಮ್ಮಂಥವರೂ ಇದ್ದರು. ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿ ತೆಗೆದುಕೊಳ್ಳುವವರು, ಎದೆಗೂಡು ಸರಿಯಾಗಿ ಹಿಗ್ಗದವರು ಸೋಂಕಿಗೆ ಉಳಿದವರಿಗಿಂತ ಹೆಚ್ಚು ಅಂಜಬೇಕಾದವರೇ. ನನ್ನ ಅಹವಾಲು ಇಷ್ಟು: ಮನೆಯಲ್ಲಿ ಸುಮ್ಮನಿರುವುದರಿಂದ ಯಾರಿಗೂ ಹಾನಿಯಿಲ್ಲವೆಂಬ ನಂಬಿಕೆಯ ಮೇಲೆ ಆ ನಿಯಮಗಳನ್ನು ಕಟ್ಟಲಾಗಿತ್ತು, ಬೆನ್ನುಮೂಳೆಯ ದೀರ್ಘಕಾಲದ ತೊಂದರೆ ಇರುವವರ ಮಟ್ಟಿಗೆ ಆ ನಂಬಿಕೆ ಸುಳ್ಳು, ಮತ್ತು ಅದನ್ನು ಸರಿಪಡಿಸಲು ದೊಡ್ಡ ಖರ್ಚೇನೂ ಬೇಕಿಲ್ಲ.

ನಾವು ಎಷ್ಟು ಜನ ಎಂಬ ಪ್ರಶ್ನೆ ನಿಮಗೆ ಮೊದಲು ಬರುವುದು ಸಹಜ. ಸೊಂಟನೋವಿನಿಂದ ಬಳಲುತ್ತಿದ್ದವರು 2020ರಲ್ಲಿ ಜಗತ್ತಿನಾದ್ಯಂತ ಸುಮಾರು 61.9 ಕೋಟಿ ಇದ್ದರೆಂದೂ 2050ರ ಹೊತ್ತಿಗೆ ಆ ಸಂಖ್ಯೆ 84.3 ಕೋಟಿಗೆ ಏರಬಹುದೆಂದೂ ಜಾಗತಿಕ ರೋಗಹೊರೆಯ ಅಧ್ಯಯನ ಅಂದಾಜಿಸಿದೆ. ಮನುಷ್ಯರನ್ನು ಕೆಲಸಕ್ಕೆ ಅಸಮರ್ಥರನ್ನಾಗಿಸುವ ಕಾರಣಗಳಲ್ಲಿ ಜಗತ್ತಿನಲ್ಲೇ ಮೊದಲ ಸ್ಥಾನ ಇದಕ್ಕಿದೆ. ಇವರಲ್ಲಿ ಹೆಚ್ಚಿನವರ ನೋವು ಕೆಲವು ವಾರಗಳಲ್ಲಿ ಇಳಿಯುವಂಥದ್ದು, ನಿಜ. ಉಳಿದವರಲ್ಲಿ ಡಿಸ್ಕ್ ಜಾರಿ ನರ ಒತ್ತಿಕೊಂಡವರು, ಬೆನ್ನುಹುರಿಯ ನಾಳ ಕಿರಿದಾದವರು, ಬೆನ್ನು ಪಕ್ಕಕ್ಕೆ ಬಾಗುತ್ತಿರುವ ಹದಿಹರೆಯದವರು, ಮೂಳೆ ಟೊಳ್ಳಾಗಿ ಕಶೇರುಗಳು, ಅಂದರೆ ಬೆನ್ನುಮೂಳೆಯ ಬಿಡಿ ಮೂಳೆಗಳು, ಕುಸಿಯುತ್ತಿರುವ ವೃದ್ಧರು, ಬೆನ್ನುಮೂಳೆಗೆ ಕ್ಷಯ ತಗಲಿದವರು, ನನ್ನಂತೆ ಉರಿಯೂತದವರು ಇದ್ದಾರೆ. ಬೆನ್ನುಹುರಿಗೇ ಪೆಟ್ಟಾಗಿ ದೇಹದ ಒಂದು ಭಾಗದ ಚಲನೆಯನ್ನೂ ಸ್ಪರ್ಶವನ್ನೂ ಕಳೆದುಕೊಂಡವರು ಜಗತ್ತಿನಲ್ಲಿ ಒಂದೂವರೆ ಕೋಟಿಗೂ ಹೆಚ್ಚಿದ್ದಾರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಇವರೆಲ್ಲರನ್ನೂ ‘ಬೆನ್ನುನೋವಿನವರು’ ಎಂದು ಒಂದೇ ಗಂಟಿಗೆ ಕಟ್ಟಿದರೆ ಯಾರಿಗೂ ನ್ಯಾಯ ಸಿಗುವುದಿಲ್ಲ, ಏಕೆಂದರೆ ಲಾಕ್‌ಡೌನ್ ಒಬ್ಬೊಬ್ಬರನ್ನು ಒಂದೊಂದು ಕಡೆಯಿಂದ ಹಿಡಿಯಿತು.

ನನಗೆ ಹತ್ತಿರದಿಂದ ಗೊತ್ತಿರುವುದರಿಂದಲೇ ಆರಂಭಿಸುತ್ತೇನೆ. ಸಾಮಾನ್ಯ ಬೆನ್ನುನೋವು ದುಡಿದರೆ ಹೆಚ್ಚುತ್ತದೆ, ಮಲಗಿದರೆ ಇಳಿಯುತ್ತದೆ ಎಂಬುದು ಎಲ್ಲರ ತಿಳಿವಳಿಕೆ. ಉರಿಯೂತದ ಬೆನ್ನುನೋವಿನ ನಡವಳಿಕೆ ಇದಕ್ಕೆ ತೀರಾ ತಿರುಗುಮುರುಗು. ಅದು ರಾತ್ರಿಯ ಎರಡನೆಯ ಅರ್ಧದಲ್ಲಿ ನಿದ್ದೆಯಿಂದ ಎಬ್ಬಿಸುತ್ತದೆ. ಬೆಳಗ್ಗೆ ಎದ್ದಾಗ ಸೊಂಟ, ಬೆನ್ನು, ಕೊರಳು ಸೆಟೆದುಕೊಂಡಿರುತ್ತವೆ. ಅರ್ಧ ಗಂಟೆಯೋ ಅದಕ್ಕಿಂತ ಹೆಚ್ಚೋ ಮೈಯನ್ನು ಮೆಲ್ಲಮೆಲ್ಲನೆ ಆಡಿಸಿದ ಮೇಲಷ್ಟೇ ಬಿಗಿತ ಸಡಿಲುತ್ತದೆ. ಕೂತಷ್ಟೂ ನೋಯುತ್ತದೆ, ನಡೆದಷ್ಟೂ ಹಗುರಾಗುತ್ತದೆ. ಸಾಮಾನ್ಯವಾಗಿ 45 ವರ್ಷ ತುಂಬುವ ಮೊದಲೇ, ಬಹಳಷ್ಟು ಸಲ ಇಪ್ಪತ್ತರ ಹರೆಯದಲ್ಲೇ ಕಾಣಿಸಿಕೊಳ್ಳುವ ಈ ಕಾಯಿಲೆಗೆ ವೈದ್ಯರು ಬರೆಯುವ ಚೀಟಿಯಲ್ಲಿ ಮಾತ್ರೆಯ ಜೊತೆಗೆ ವ್ಯಾಯಾಮವೂ ಇರುತ್ತದೆ, ಮತ್ತು ಅದು ಆರೋಗ್ಯವಂತರಿಗೆ ಕೊಡುವ ಹಿತವಚನದಂಥ ವ್ಯಾಯಾಮವಲ್ಲ. ಬೆನ್ನನ್ನು ನೇರವಾಗಿ ಹಿಗ್ಗಿಸುವುದು, ಪಕ್ಕೆಲುಬಿನ ಕೀಲುಗಳು ಜಡವಾಗದಂತೆ ದೀರ್ಘವಾಗಿ ಉಸಿರೆಳೆಯುವುದು, ಸಾಧ್ಯವಾದವರಿಗೆ ಈಜು, ದಿನವೂ ಒಂದಷ್ಟು ದೂರ ಬಿರುಸು ನಡಿಗೆ: ಇವು ನಿಂತರೆ ಕೀಲುಗಳ ಬಾಗು–ಬಳುಕು ಕಡಿಮೆಯಾಗುತ್ತ ಹೋಗುತ್ತದೆ, ಮತ್ತು ಕೀಲು ಒಮ್ಮೆ ಬೆಸೆದುಕೊಂಡರೆ ಯಾವ ಔಷಧಿಯೂ ಅದನ್ನು ಮತ್ತೆ ಬಿಡಿಸಿಕೊಡಲಾರದು.

ಲಾಕ್‌ಡೌನ್ ಬಂದಾಗ ಈಜುಕೊಳ ಮುಚ್ಚಿತು, ವ್ಯಾಯಾಮಶಾಲೆ ಮುಚ್ಚಿತು, ಫಿಸಿಯೋಥೆರಪಿ ಕೇಂದ್ರಗಳು ಅವಶ್ಯಕ ಸೇವೆಗಳ ಪಟ್ಟಿಯಲ್ಲಿವೆಯೋ ಇಲ್ಲವೋ ಎಂದು ತಿಳಿಯದೆ ಅವೂ ಬಾಗಿಲು ಹಾಕಿದವು, ಬೀದಿಯಲ್ಲಿ ನಡೆಯುವುದೂ ಕೆಲವೆಡೆ ದಂಡ ತೆರಬೇಕಾದ ತಪ್ಪಾಯಿತು. ಈ ವಿಷಯದಲ್ಲಿ ದೇಶದೇಶಗಳ ನಡುವೆ ಎಷ್ಟು ವ್ಯತ್ಯಾಸವಿತ್ತೆಂದರೆ, 2020ರ ಮಾರ್ಚ್ 23ರಿಂದ ಬ್ರಿಟನ್ ದಿನಕ್ಕೊಮ್ಮೆ ವ್ಯಾಯಾಮಕ್ಕಾಗಿ ಹೊರಬರಲು ಅವಕಾಶ ಕೊಟ್ಟಿದ್ದರೆ, ಸ್ಪೇನ್‌ನಲ್ಲಿ ಮಾರ್ಚ್ ಮಧ್ಯದಿಂದ ಮೇ 2ರವರೆಗೆ ವಯಸ್ಕರು ಬರೀ ನಡಿಗೆಗಾಗಿ ಮನೆಯಿಂದ ಹೊರಬರುವಂತಿರಲಿಲ್ಲ, ಆದರೆ ನಾಯಿಯನ್ನು ಹೊರಗೆ ಕರೆದೊಯ್ಯಬಹುದಿತ್ತು. ನಾಯಿಗೆ ಕೊಟ್ಟ ವಿನಾಯಿತಿಯ ಬಗ್ಗೆ ನನಗೆ ತಕರಾರಿಲ್ಲ. ಅದು ವಿವೇಕದ ನಿರ್ಧಾರವೇ. ಒಂದು ಪ್ರಾಣಿಯ ದೈಹಿಕ ಅಗತ್ಯವನ್ನು ಆದೇಶದ ಭಾಷೆಯಲ್ಲಿ ಬರೆಯಲು ಸಾಧ್ಯವಾಗಿದ್ದರೆ, ಬೆಳಗ್ಗೆ ಎದ್ದು ನಡೆಯದಿದ್ದರೆ ಸಂಜೆಗೆ ನೆಟ್ಟಗೆ ನಿಲ್ಲಲಾಗದ ಮನುಷ್ಯರ ಅಗತ್ಯವನ್ನು ಬರೆಯುವುದೂ ಸಾಧ್ಯವಿತ್ತು ಎಂದಷ್ಟೇ ನಾನು ಹೇಳುವುದು.

ಇನ್ನೂ ಒಂದು ವಿಚಿತ್ರವಿದೆ. ಅದೇ ವರ್ಷದ ನವೆಂಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ದೈಹಿಕ ಚಟುವಟಿಕೆಯ ಬಗ್ಗೆ ಹೊಸ ಮಾರ್ಗಸೂಚಿ ಹೊರಡಿಸಿ, ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ ಮಧ್ಯಮ ಶ್ರಮದ ಚಟುವಟಿಕೆಯಲ್ಲಿ ತೊಡಗಬೇಕೆಂದು ಹೇಳಿತು; ದೀರ್ಘಕಾಲದ ಕಾಯಿಲೆ ಇರುವವರನ್ನೂ ಅಂಗವಿಕಲರನ್ನೂ ಈ ಮಾರ್ಗಸೂಚಿಯಲ್ಲಿ ಪ್ರತ್ಯೇಕವಾಗಿ ಹೆಸರಿಸಿತು. ಅಂದರೆ ಆರೋಗ್ಯ ವ್ಯವಸ್ಥೆಯ ಒಂದು ಕೈ ನಡೆಯಿರಿ ಎಂದು ಬರೆಯುತ್ತಿದ್ದಾಗ ಇನ್ನೊಂದು ಕೈ ಕೂತಿರಿ ಎಂದು ಬರೆಯುತ್ತಿತ್ತು. ಕೋಣೆಯೊಳಗೇ ವ್ಯಾಯಾಮ ಮಾಡಬಹುದಲ್ಲ ಎಂಬ ಉತ್ತರ ನಾವು ಬಹಳ ಸಲ ಕೇಳಿದ್ದೇವೆ. ಮಾಡಬಹುದು, ಮಾಡಿದವರೂ ಇದ್ದಾರೆ. ಆದರೆ ಹಲವರು ಹಂಚಿಕೊಂಡ ಒಂದೇ ಕೋಣೆಯಲ್ಲಿ, ಕೈಕಾಲು ಚಾಚಲು ಜಾಗವಿಲ್ಲದ ಕಡೆ, ಚಿಕಿತ್ಸಕರು ತೋರಿಸಿಕೊಡದೆ ಹೊಸದಾಗಿ ವ್ಯಾಯಾಮ ಕಲಿಯಬೇಕಾದವರಿಗೆ ಆ ಉತ್ತರದಿಂದ ಏನೂ ಸಿಗುವುದಿಲ್ಲ.

ಔಷಧಿಯ ವಿಷಯದಲ್ಲಿ ಗೊಂದಲ ಇನ್ನೊಂದು ಬಗೆಯದಾಗಿತ್ತು. ನಮ್ಮ ಕಾಯಿಲೆಗೆ ಮೊದಲು ಕೊಡುವುದು ಐಬುಪ್ರೊಫೆನ್, ನ್ಯಾಪ್ರಾಕ್ಸೆನ್‌ನಂಥ ಉರಿಯೂತ ಶಮನದ ಮಾತ್ರೆಗಳನ್ನು. 2020ರ ಮಾರ್ಚ್ ಮಧ್ಯದಲ್ಲಿ ಫ್ರಾನ್ಸಿನ ಆರೋಗ್ಯ ಸಚಿವರು ಇಂಥ ಮಾತ್ರೆಗಳು ಸೋಂಕನ್ನು ಉಲ್ಬಣಗೊಳಿಸಬಹುದೆಂದು ಎಚ್ಚರಿಸಿದರು. ಕೆಲವೇ ದಿನಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಐಬುಪ್ರೊಫೆನ್ ಬೇಡವೆಂಬ ಶಿಫಾರಸನ್ನು ತಾನು ಮಾಡುವುದಿಲ್ಲ ಎಂದು ಸ್ಪಷ್ಟಪಡಿಸಿತು. ಎಚ್ಚರಿಕೆ ಓಡಿದಷ್ಟು ವೇಗವಾಗಿ ಸ್ಪಷ್ಟನೆ ಓಡಲಿಲ್ಲ. ದಿನವೂ ಆ ಮಾತ್ರೆಯ ಮೇಲೆಯೇ ನಿಂತಿದ್ದವರು ವೈದ್ಯರ ಕೈಗೆ ಸಿಗದ ಹೊತ್ತಿನಲ್ಲಿ ತಮಗೆ ತಾವೇ ನಿರ್ಧಾರ ಮಾಡಿಕೊಳ್ಳಬೇಕಾಯಿತು.

ಮಾತ್ರೆಗೆ ಕಾಯಿಲೆ ಬಗ್ಗದವರು, ಉರಿಯೂತ ಹೆಚ್ಚಿಸುವ ಟಿಎನ್‌ಎಫ್ ಎಂಬ ಪ್ರೋಟೀನನ್ನು ತಡೆಯುವ ಚುಚ್ಚುಮದ್ದುಗಳನ್ನು ತೆಗೆದುಕೊಳ್ಳುತ್ತಾರೆ. ಇವು ರೋಗನಿರೋಧಕ ವ್ಯವಸ್ಥೆಯ ಒಂದು ಕೊಂಡಿಯನ್ನು ಹಿಡಿದು ನಿಲ್ಲಿಸುವ ಔಷಧಿಗಳಾದ್ದರಿಂದ, ಮಹಾಸಾಂಕ್ರಾಮಿಕದ ನಡುವೆ ತೆಗೆದುಕೊಳ್ಳಬೇಕೋ ಬಿಡಬೇಕೋ ಎಂಬ ಭಯ ಎಲ್ಲರಲ್ಲೂ ಇತ್ತು. ಬಿಟ್ಟರೆ ಕಾಯಿಲೆ ಕೆರಳುತ್ತದೆ. ಕೆರಳಿದಾಗ ಕೊಡುವ ಸ್ಟೀರಾಯ್ಡ್ ಸೋಂಕಿನ ಮಟ್ಟಿಗೆ ಹೆಚ್ಚು ಅಪಾಯದ್ದು. ಜಗತ್ತಿನ ಸಂಧಿವಾತ ತಜ್ಞರು 2020ರ ಮಾರ್ಚ್‌ನಲ್ಲೇ ಒಟ್ಟುಗೂಡಿ ರೋಗಿಗಳ ದಾಖಲೆ ಸಂಗ್ರಹಿಸಲಾರಂಭಿಸಿದರು. ಅದರ ಮೊದಲ ವರದಿಗಳಲ್ಲೊಂದರಲ್ಲಿ, ದಿನಕ್ಕೆ 10 ಮಿಲಿಗ್ರಾಂ ಅಥವಾ ಅದಕ್ಕಿಂತ ಹೆಚ್ಚು ಪ್ರೆಡ್ನಿಸೋನ್ ಎಂಬ ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿದ್ದವರು ಆಸ್ಪತ್ರೆ ಸೇರುವ ಸಂಭವ ಹೆಚ್ಚಿತ್ತೆಂದೂ ಟಿಎನ್‌ಎಫ್ ತಡೆಯುವ ಔಷಧಿಯಲ್ಲಿದ್ದವರಲ್ಲಿ ಅದು ಕಡಿಮೆಯಿತ್ತೆಂದೂ ಕಂಡುಬಂತು. ಸೋಂಕು ತಗಲದಿದ್ದರೆ ಔಷಧಿ ನಿಲ್ಲಿಸಬೇಡಿ ಎಂಬ ತಜ್ಞ ಸಂಘಗಳ ಸಲಹೆಗೆ ಇದರಿಂದ ಆಧಾರ ಸಿಕ್ಕಿತು. ವಿಜ್ಞಾನ ತನ್ನ ಕೆಲಸವನ್ನು ಆಶ್ಚರ್ಯಪಡುವಷ್ಟು ಬೇಗ ಮಾಡಿತು ಎಂದೇ ನಾನು ಹೇಳುತ್ತೇನೆ. ಆ ತಿಳಿವಳಿಕೆ ಸಂಶೋಧನಾ ಪತ್ರಿಕೆಯಿಂದ ಹೊರಟು, ಮನೆಯ ಫ್ರಿಜ್ಜಿನಲ್ಲಿ ಚುಚ್ಚುಮದ್ದು ಇಟ್ಟುಕೊಂಡು ಹೆದರಿ ಕೂತಿದ್ದವರಿಗೆ ಅವರ ಭಾಷೆಯಲ್ಲಿ ತಲುಪುವ ದಾರಿಯನ್ನು ಯಾರೂ ಮುಂಚಿತವಾಗಿ ಕಟ್ಟಿರಲಿಲ್ಲ. ಆ ದಾರಿ ಕಟ್ಟುವುದು ವಿಜ್ಞಾನಿಗಳ ಕೆಲಸವಲ್ಲ, ನಿಮ್ಮದು.

ಇಷ್ಟು ಹೇಳಿದ ಮೇಲೂ, ನನ್ನಂಥವರ ಪಾಡು ಬೆನ್ನುಹುರಿಗೆ ಪೆಟ್ಟಾದವರ ಪಾಡಿನ ಮುಂದೆ ಹಗುರವೇ ಎಂದು ಒಪ್ಪಬೇಕು. ನೀವು ಈ ಪತ್ರದಲ್ಲಿ ಒಂದೇ ಭಾಗವನ್ನು ಗಮನವಿಟ್ಟು ಓದುವುದಾದರೆ ಮುಂದಿನ ಭಾಗವನ್ನು ಓದಿ.

ಸ್ಪರ್ಶವಿಲ್ಲದ ಚರ್ಮಕ್ಕೆ ತಾನು ಒತ್ತಿಹೋಗುತ್ತಿದ್ದೇನೆಂದು ತಿಳಿಯುವುದಿಲ್ಲ. ಉಳಿದವರು ಕೂತಲ್ಲೇ ಅರಿವಿಲ್ಲದೆ ಮಗ್ಗುಲು ಬದಲಿಸುತ್ತಿರುತ್ತೇವೆ. ಬೆನ್ನುಹುರಿ ತುಂಡಾದವರ ದೇಹ ಆ ಕೆಲಸ ಮಾಡುವುದಿಲ್ಲ. ಹಾಸಿಗೆಯಲ್ಲಿದ್ದರೆ ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸಬೇಕು, ಗಾಲಿಕುರ್ಚಿಯಲ್ಲಿದ್ದರೆ ಹದಿನೈದರಿಂದ ಮೂವತ್ತು ನಿಮಿಷಕ್ಕೊಮ್ಮೆ ಮೈಭಾರವನ್ನು ಎತ್ತಿ ಇಳಿಸಬೇಕು. ಇದು ಕೆಲವು ಗಂಟೆ ತಪ್ಪಿದರೂ ಒತ್ತಡದ ಹುಣ್ಣು ಶುರುವಾಗಬಹುದು, ಮತ್ತು ಅದು ಮೂಳೆಯವರೆಗೆ ಇಳಿದರೆ ಮಾಯಲು ತಿಂಗಳುಗಳೇ ಹಿಡಿಯುತ್ತವೆ. ಮೂತ್ರಕೋಶವನ್ನು ಖಾಲಿ ಮಾಡಲು ದಿನಕ್ಕೆ ನಾಲ್ಕರಿಂದ ಆರು ಸಲ ಕ್ಯಾತಿಟರ್ ಎಂಬ ತೆಳು ನಳಿಕೆ ಹಾಕಬೇಕು. ಮಲವಿಸರ್ಜನೆಗೂ ಒಂದು ನಿಗದಿತ ಕ್ರಮವಿದೆ, ಅದಕ್ಕೆ ಕೈಗವಸು ಬೇಕು, ಅನೇಕರಿಗೆ ಇನ್ನೊಬ್ಬರ ಕೈಯೂ ಬೇಕು. ಇವ್ಯಾವೂ ವಾರಕ್ಕೊಮ್ಮೆಯ ಕೆಲಸವಲ್ಲ. ಒಂದು ಹೊತ್ತು ತಪ್ಪುವಂತಿಲ್ಲ.

ಈ ದಿನಚರಿಯನ್ನು ನಡೆಸಿಕೊಡುವ ಸಹಾಯಕರು ಬೇರೆ ಮನೆಯಿಂದ ಬರುವವರು. ಸಂಚಾರ ನಿಷೇಧದಲ್ಲಿ ವೈದ್ಯರಿಗೂ ದಾದಿಯರಿಗೂ ಪಾಸ್ ಇತ್ತು. ಒಬ್ಬ ವ್ಯಕ್ತಿಯನ್ನು ಹಾಸಿಗೆಯಿಂದ ಕುರ್ಚಿಗೆ ಎತ್ತಿ ಕೂರಿಸುವ, ಯಾವ ಸಂಸ್ಥೆಯ ಗುರುತಿನ ಚೀಟಿಯೂ ಇಲ್ಲದ ಸಹಾಯಕರಿಗೆ ಬಹಳ ಕಡೆ ಇರಲಿಲ್ಲ. ಅವರು ಬಾರದಿದ್ದ ದಿನ ಆ ಭಾರ ಬಿದ್ದದ್ದು ವಯಸ್ಸಾದ ತಂದೆತಾಯಿಯ ಮೇಲೆ, ಹೆಂಡತಿಯ ಅಥವಾ ಗಂಡನ ಮೇಲೆ, ಕೆಲವೆಡೆ ಮಕ್ಕಳ ಮೇಲೆ. ಕೈಗವಸುಗಳೂ ಸೋಂಕುನಿವಾರಕಗಳೂ ಆಸ್ಪತ್ರೆಗಳಿಗೇ ಸಾಲದೆ ಅಂಗಡಿಗಳಿಂದ ಮಾಯವಾದಾಗ ಮನೆಯಲ್ಲಿ ಅವನ್ನು ದಿನವೂ ಬಳಸುವ ರೋಗಿಗಳಿದ್ದಾರೆಂಬ ನೆನಪು ಹಂಚಿಕೆಯ ಲೆಕ್ಕದಲ್ಲಿ ಯಾರಿಗೂ ಇದ್ದಂತಿರಲಿಲ್ಲ. ಒಂದೇ ಬಾರಿ ಬಳಸಿ ಎಸೆಯಬೇಕಾದ ಕ್ಯಾತಿಟರನ್ನು ತೊಳೆದು ಮತ್ತೆ ಬಳಸಬೇಕಾಗಿ ಬಂದರೆ ಮೂತ್ರನಾಳದ ಸೋಂಕಿಗೆ ದಾರಿ ತೆರೆದಂತೆ. ಆ ಸೋಂಕು ಕೊನೆಗೆ ಅವರನ್ನು ತಲುಪಿಸುವುದು ಯಾವ ಆಸ್ಪತ್ರೆಯ ಹಾಸಿಗೆಗಳನ್ನು ಉಳಿಸಲು ನೀವು ಲಾಕ್‌ಡೌನ್ ಮಾಡಿದಿರೋ ಅದೇ ಆಸ್ಪತ್ರೆಗೆ.

ಆಸ್ಪತ್ರೆಯ ಬಾಗಿಲಲ್ಲೂ ತೊಡಕುಗಳಿದ್ದವು. ಬೆನ್ನುಹುರಿಗೆ ಮೇಲ್ಭಾಗದಲ್ಲಿ ಪೆಟ್ಟಾದವರ ದೇಹಕ್ಕೆ ತನ್ನ ಉಷ್ಣತೆಯನ್ನು ಹತೋಟಿಯಲ್ಲಿಡುವ ಶಕ್ತಿ ಕುಂದಿರುತ್ತದೆ. ಹಣೆಗೆ ಹಿಡಿದ ಥರ್ಮಾಮೀಟರ್ ತೋರಿಸುವ ಅಂಕಿ ಅವರಲ್ಲಿ ಸೋಂಕಿಲ್ಲವೆಂಬುದಕ್ಕೂ ಸಾಕ್ಷಿಯಲ್ಲ, ಇದೆಯೆಂಬುದಕ್ಕೂ ಸಾಕ್ಷಿಯಲ್ಲ. ಕೊರಳಿನ ಮಟ್ಟದಲ್ಲಿ ಪೆಟ್ಟಾಗಿದ್ದರೆ ಹೊಟ್ಟೆಯ ಮತ್ತು ಪಕ್ಕೆಯ ಸ್ನಾಯುಗಳಿಗೆ ಬಲವಿರದೆ ಅವರು ಜೋರಾಗಿ ಕೆಮ್ಮಲಾರರು, ಕಫ ತೆಗೆಯಲು ಇನ್ನೊಬ್ಬರು ಹೊಟ್ಟೆಯ ಮೇಲೆ ಸರಿಯಾದ ಹೊತ್ತಿಗೆ ಒತ್ತಿ ನೆರವಾಗಬೇಕು. ಇನ್ನು ಆಟೊನಾಮಿಕ್ ಡಿಸ್‌ರಿಫ್ಲೆಕ್ಸಿಯಾ ಎಂಬ ಸ್ಥಿತಿಯನ್ನು ಹೇಳಲೇಬೇಕು. ಎದೆಯ ಆರನೆಯ ಕಶೇರುವಿನ ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ ಬೆನ್ನುಹುರಿಗೆ ಪೆಟ್ಟಾದವರಲ್ಲಿ, ಕ್ಯಾತಿಟರ್ ಕಟ್ಟಿಕೊಂಡು ಮೂತ್ರಕೋಶ ತುಂಬಿಹೋದಂಥ ಸಣ್ಣ ಕಾರಣಕ್ಕೂ ರಕ್ತದೊತ್ತಡ ಇದ್ದಕ್ಕಿದ್ದಂತೆ ಪ್ರಾಣಾಪಾಯದ ಮಟ್ಟಕ್ಕೆ ಏರಬಹುದು. ರೋಗಿಯನ್ನು ನೆಟ್ಟಗೆ ಕೂರಿಸಿ, ಬಟ್ಟೆ ಸಡಿಲಿಸಿ, ಕಾರಣ ಹುಡುಕಿ ನಿವಾರಿಸುವುದೇ ಅದಕ್ಕೆ ಮೊದಲ ಚಿಕಿತ್ಸೆ. ಇದನ್ನು ಕಂಡ ಕೂಡಲೇ ಗುರುತಿಸುವುದು ಬಹಳ ಸಲ ತರಬೇತಿಯಾದ ಮನೆಯವರು ಅಥವಾ ಸಹಾಯಕರು, ಏಕೆಂದರೆ ಬೇರೆ ವಿಭಾಗದ ವೈದ್ಯರಲ್ಲಿ ಅನೇಕರು ಅದನ್ನು ಎಂದೂ ಕಂಡಿರುವುದಿಲ್ಲ. ಆ ಜೊತೆಗಾರರನ್ನೇ ‘ಭೇಟಿಗಾರರು’ ಎಂದು ಎಣಿಸಿ ಬಾಗಿಲಲ್ಲಿ ತಡೆಯಲಾಯಿತು. ಇದೇ ಮಾತು ನಮ್ಮ ಗುಂಪಿಗೂ ಅನ್ವಯಿಸುತ್ತದೆ: ಕೊರಳಿನ ಕೀಲುಗಳು ಬೆಸೆದುಕೊಂಡವರ ತಲೆಯನ್ನು ಹಿಂದಕ್ಕೆ ಬಾಗಿಸಲಾಗದು, ಬಲವಂತ ಮಾಡಿದರೆ ಮೂಳೆ ಮುರಿಯಬಹುದು, ಉಸಿರುನಳಿಕೆ ಹಾಕುವವರಿಗೆ ಇದು ಮೊದಲೇ ಗೊತ್ತಿರಬೇಕು. ಮಾತಾಡಲಾಗದ ಸ್ಥಿತಿಯಲ್ಲಿ ಬಂದ ರೋಗಿಯ ಪರವಾಗಿ ಅದನ್ನು ಹೇಳುವವರು ಯಾರು?

ಶಸ್ತ್ರಚಿಕಿತ್ಸೆಗಳ ಮಾತಿಗೆ ಬರೋಣ. ಮೊದಲ ಅಲೆಯ ತೀವ್ರತೆಯ 12 ವಾರಗಳಲ್ಲಿ ಜಗತ್ತಿನಲ್ಲಿ ಸುಮಾರು 2.8 ಕೋಟಿ ಪೂರ್ವನಿಗದಿತ ಶಸ್ತ್ರಚಿಕಿತ್ಸೆಗಳು ರದ್ದಾಗಬಹುದು ಅಥವಾ ಮುಂದೆ ಹೋಗಬಹುದು ಎಂದು ಕೋವಿಡ್‌ಸರ್ಜ್ ಎಂಬ ಸಂಶೋಧಕರ ಒಕ್ಕೂಟ 2020ರ ಮೇ ತಿಂಗಳಿನಲ್ಲಿ ಅಂದಾಜು ಮಾಡಿತ್ತು. ಹಾಸಿಗೆ, ಅರಿವಳಿಕೆ ತಜ್ಞರು, ವೆಂಟಿಲೇಟರುಗಳು ಸಾಲದಿದ್ದಾಗ ಮುಂದೂಡದೆ ಬೇರೆ ದಾರಿ ಇರಲಿಲ್ಲವೆಂಬುದನ್ನು ನಾನು ಒಪ್ಪುತ್ತೇನೆ. ಆದರೆ ಬೆನ್ನುಮೂಳೆಯ ಶಸ್ತ್ರಚಿಕಿತ್ಸೆಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿದ್ದು ತಪ್ಪು. ಕೊರಳಿನಲ್ಲಿ ಬೆನ್ನುಹುರಿಯೇ ಒತ್ತಿಹೋಗುತ್ತಿರುವ ಮಯಲೋಪತಿಯ ರೋಗಿಗೆ ನೋವು ಅಷ್ಟಾಗಿ ಇಲ್ಲದಿರಬಹುದು. ಅಂಗಿಯ ಗುಂಡಿ ಹಾಕಲಾಗುತ್ತಿಲ್ಲ, ಅಕ್ಷರ ಕೆಡುತ್ತಿದೆ, ನಡೆಯುವಾಗ ತೂರಾಡುತ್ತೇನೆ ಎಂದಷ್ಟೇ ಅವರು ಹೇಳುತ್ತಾರೆ. ಕಾಯಿಸಿದಷ್ಟೂ ಕೈಗಳ ಶಕ್ತಿ ಹೋಗುತ್ತದೆ, ಹೋದದ್ದರಲ್ಲಿ ಒಂದು ಪಾಲು ಶಸ್ತ್ರಚಿಕಿತ್ಸೆಯ ನಂತರವೂ ಮರಳುವುದಿಲ್ಲ. ನೋವಿನಿಂದ ಕೂಗಾಡದ ರೋಗಿ ಪಟ್ಟಿಯಲ್ಲಿ ಕೆಳಗೆ ಸರಿಯುತ್ತಾರೆ, ಇದು ಎಲ್ಲ ಪಟ್ಟಿಗಳ ಹಳೆಯ ದೋಷ. ಬೆನ್ನು ಬಾಗುತ್ತಿರುವ ಹದಿಹರೆಯದವರ ವಿಷಯದಲ್ಲೂ ಹೀಗೆಯೇ: ಎತ್ತರ ಸರಸರ ಏರುವ ಆ ಒಂದೆರಡು ವರ್ಷಗಳಲ್ಲಿ ಬಾಗೂ ಸರಸರ ಏರುತ್ತದೆ. ಬೆನ್ನಿಗೆ ಆಸರೆಯಾಗುವ ಬ್ರೇಸ್ ಪಟ್ಟಿ ಹಾಕಿ ತಡೆಯಬಹುದಾದ ಬಾಗು, ಅಳೆದು ನೋಡುವವರಿಲ್ಲದೆ ತಿಂಗಳುಗಳು ಕಳೆದರೆ ಶಸ್ತ್ರಚಿಕಿತ್ಸೆಯೇ ಬೇಕಾಗುವಷ್ಟು ಬೆಳೆದಿರಬಹುದು. ಬೆಳವಣಿಗೆಯನ್ನು ಯಾವ ಆದೇಶವೂ ಮುಂದೂಡಲಾರದು.

ಸಣ್ಣದೆಂದು ಕಾಣುವ ಒಂದು ಚುಚ್ಚುಮದ್ದಿನ ಉದಾಹರಣೆ ಕೊಡುತ್ತೇನೆ. ಮೂಳೆ ಟೊಳ್ಳಾದವರಿಗೆ ಆರು ತಿಂಗಳಿಗೊಮ್ಮೆ ಕೊಡುವ ಡೆನೊಸುಮ್ಯಾಬ್ ಎಂಬ ಔಷಧಿ ಇದೆ. ಅದನ್ನು ತಡಮಾಡಿದರೆ, ಮುಖ್ಯವಾಗಿ ಏಳು ತಿಂಗಳು ದಾಟಿದರೆ, ಅದುವರೆಗೆ ಗಟ್ಟಿಯಾಗಿದ್ದ ಮೂಳೆ ವೇಗವಾಗಿ ಕರಗತೊಡಗಿ ಒಂದರ ಮೇಲೊಂದರಂತೆ ಹಲವು ಕಶೇರುಗಳು ಕುಸಿಯುವ ಅಪಾಯವಿದೆ. ಐದು ನಿಮಿಷದ ಕೆಲಸ, ಯಾರು ಬೇಕಾದರೂ ಕಲಿತು ಕೊಡಬಹುದಾದದ್ದು. ಮನೆಯಲ್ಲೇ ಅಥವಾ ವಾಹನದಿಂದ ಇಳಿಯದಂತೆಯೇ ಕೊಡಬಹುದೆಂದು ಮೂಳೆರೋಗ ತಜ್ಞರ ಸಂಘಗಳು 2020ರಲ್ಲೇ ಸೂಚಿಸಿದ್ದವು. ಹೊರರೋಗಿ ವಿಭಾಗ ಮುಚ್ಚಿದೆ ಎಂಬ ಒಂದೇ ಸಾಲಿನ ಫಲಕ ಇಂಥ ಎಷ್ಟು ಸಣ್ಣ ಕೆಲಸಗಳನ್ನು ನುಂಗಿಹಾಕುತ್ತದೆ ಎಂಬುದನ್ನು ಫಲಕ ಬರೆಸುವವರು ಒಮ್ಮೆ ಯೋಚಿಸಬೇಕು.

ಬೆನ್ನುಮೂಳೆಯ ಕ್ಷಯದ ಬಗ್ಗೆ ಹೆಚ್ಚು ಹೇಳುವ ಅಗತ್ಯವಿಲ್ಲ, ಏಕೆಂದರೆ ಅಂಕಿಗಳೇ ಸಾಕಷ್ಟು ಹೇಳುತ್ತವೆ. ಜಗತ್ತಿನಲ್ಲಿ ಹೊಸದಾಗಿ ಪತ್ತೆಯಾದ ಕ್ಷಯರೋಗಿಗಳ ಸಂಖ್ಯೆ 2019ರಲ್ಲಿ 71 ಲಕ್ಷವಿದ್ದದ್ದು 2020ರಲ್ಲಿ 58 ಲಕ್ಷಕ್ಕೆ ಇಳಿಯಿತು. ರೋಗ ಕಡಿಮೆಯಾದದ್ದರಿಂದ ಇಳಿದದ್ದಲ್ಲ, ಹುಡುಕುವುದು ನಿಂತದ್ದರಿಂದ. ಕ್ಷಯದಿಂದ ಸಾಯುವವರ ಸಂಖ್ಯೆ ಒಂದು ದಶಕಕ್ಕೂ ಹೆಚ್ಚು ಕಾಲದ ನಂತರ ಮೊದಲ ಬಾರಿಗೆ ಆ ವರ್ಷ ಏರಿತು. ಪತ್ತೆಯಾಗದ ಕ್ಷಯ ಬೆನ್ನುಮೂಳೆಯಲ್ಲಿದ್ದರೆ ಅದು ಕಶೇರುಗಳನ್ನು ತಿಂದು ಗೂನು ಬರಿಸುತ್ತದೆ, ಕೆಲವರಲ್ಲಿ ಕಾಲುಗಳ ಬಲವನ್ನೂ ಕಸಿಯುತ್ತದೆ.

ನೀವು ಜನರಿಗೆ ಕೊಟ್ಟ ಸಂದೇಶದ ಬಗ್ಗೆಯೂ ಒಂದು ಮಾತಿದೆ. ತೀರಾ ಅಗತ್ಯವಿಲ್ಲದಿದ್ದರೆ ಆಸ್ಪತ್ರೆಗೆ ಬರಬೇಡಿ ಎಂಬುದನ್ನು ಜನ ಎಷ್ಟು ಶ್ರದ್ಧೆಯಿಂದ ಪಾಲಿಸಿದರೆಂದರೆ, ಬರಲೇಬೇಕಾದವರೂ ಮನೆಯಲ್ಲೇ ಉಳಿದರು. ವರ್ಷಗಟ್ಟಲೆ ಬೆನ್ನುನೋವು ಅನುಭವಿಸಿದವರು ಸಹಿಸಿಕೊಳ್ಳುವುದನ್ನು ಅಭ್ಯಾಸ ಮಾಡಿಕೊಂಡಿರುತ್ತಾರೆ. ಡಿಸ್ಕ್ ದೊಡ್ಡದಾಗಿ ಜಾರಿ ಬೆನ್ನುಹುರಿಯ ಕೆಳಗಿನ ನರಗುಚ್ಛವನ್ನೇ ಒತ್ತಿದರೆ ಅದಕ್ಕೆ ಕಾಡಾ ಇಕ್ವಿನಾ ಸಿಂಡ್ರೋಮ್ ಎನ್ನುತ್ತಾರೆ. ತೊಡೆಸಂದಿಯಲ್ಲಿ, ಗುದದ ಸುತ್ತ ಜೋಮು ಹಿಡಿಯುತ್ತದೆ, ಮೂತ್ರ ಕಟ್ಟುತ್ತದೆ ಅಥವಾ ಅರಿವಿಲ್ಲದೆ ಹೋಗುತ್ತದೆ, ಎರಡೂ ಕಾಲುಗಳು ಸೋಲುತ್ತವೆ. ಇದು ಗಂಟೆಗಳ ಲೆಕ್ಕದ ತುರ್ತು. ನರಗಳ ಮೇಲಿನ ಒತ್ತಡವನ್ನು ಆದಷ್ಟು ಬೇಗ, ಸಾಮಾನ್ಯವಾಗಿ 48 ಗಂಟೆಯೊಳಗೆ ಇಳಿಸದಿದ್ದರೆ ಮೂತ್ರ, ಮಲ ಮತ್ತು ಲೈಂಗಿಕ ಸಂವೇದನೆಯ ಮೇಲಿನ ಹತೋಟಿ ಶಾಶ್ವತವಾಗಿ ಹೋಗಬಹುದು. ಎದೆನೋವು ಬಂದರೆ, ಮುಖ ಓರೆಯಾದರೆ ತಡಮಾಡದೆ ಬನ್ನಿ ಎಂಬ ತಿದ್ದುಪಡಿ ಕೆಲವೆಡೆ ತಡವಾಗಿಯಾದರೂ ಬಂತು. ಆ ಪಟ್ಟಿಗೆ ಇದೂ ಸೇರಬೇಕು. ನಾಚಿಕೆಯಿಂದ ಯಾರೂ ಬಾಯಿಬಿಡದ ಲಕ್ಷಣಗಳಾದ್ದರಿಂದ, ಸರ್ಕಾರವೇ ನಾಚದೆ ಅವನ್ನು ಹೆಸರಿಸಿ ಹೇಳಬೇಕು.

ದೂರವಾಣಿಯ ಮೂಲಕ, ಪರದೆಯ ಮೂಲಕ ನಡೆದ ವೈದ್ಯಕೀಯ ಸಮಾಲೋಚನೆಯನ್ನು ನಾನು ತೆಗಳುವುದಿಲ್ಲ. ತಾಸುಗಟ್ಟಲೆ ವಾಹನದಲ್ಲಿ ಕುಲುಕುತ್ತ ಹೋಗಿ, ಗಟ್ಟಿ ಬೆಂಚಿನ ಮೇಲೆ ಸರದಿ ಕಾದು, ಚೀಟಿಯೊಂದನ್ನು ನವೀಕರಿಸಿಕೊಂಡು ಬರುವುದು ನಮಗೆ ಒಂದು ವಾರದ ನೋವಿನ ಬೆಲೆಗೆ ಸಿಗುತ್ತಿದ್ದ ಸೇವೆ. ಅದು ಮನೆಯಿಂದಲೇ ಸಾಧ್ಯವೆಂದು ತಿಳಿಯಲು ಒಂದು ಮಹಾಸಾಂಕ್ರಾಮಿಕವೇ ಬರಬೇಕಾಯಿತು. ಆ ಸೌಲಭ್ಯ ಉಳಿಯಲಿ. ಆದರೆ ಮೊಣಕಾಲಿಗೆ ಸುತ್ತಿಗೆ ತಾಗಿಸಿ ಪ್ರತಿವರ್ತನೆ ನೋಡುವುದು, ಹೆಬ್ಬೆರಳಿನ ಬಲ ಪರೀಕ್ಷಿಸುವುದು, ಚರ್ಮದ ಸ್ಪರ್ಶ ಎಲ್ಲಿ ಮಂಕಾಗಿದೆ ಎಂದು ಗುರುತಿಸುವುದು ಪರದೆಯ ಮೂಲಕ ಆಗದು. ಯಾರನ್ನು ಖುದ್ದಾಗಿ ಕರೆಸಲೇಬೇಕು ಎಂಬ ನಿಯಮವಿಲ್ಲದ ದೂರ ಸಮಾಲೋಚನೆ ಅರ್ಧ ವ್ಯವಸ್ಥೆ ಮಾತ್ರ.

ಕಚೇರಿ ಕೆಲಸ ಮನೆಗೆ ಬಂದದ್ದರಿಂದ ಹಾಸಿಗೆಯ ಮೇಲೆ, ಸೋಫಾದ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ದಿನವಿಡೀ ಬಗ್ಗಿ ಕೂತವರ ಕಥೆ ಎಲ್ಲರಿಗೂ ಗೊತ್ತಿರುವುದರಿಂದ ಅದನ್ನು ಬಿಡುತ್ತೇನೆ. ನೋವು ಮತ್ತು ಒಂಟಿತನ ಒಂದನ್ನೊಂದು ಬೆಳೆಸುತ್ತವೆ ಎಂಬುದನ್ನು ಮಾತ್ರ ನೆನಪಿಸುತ್ತೇನೆ. ದೀರ್ಘಕಾಲದ ನೋವಿನ ಚಿಕಿತ್ಸೆಯಲ್ಲಿ ನಿದ್ದೆ, ನಾಲ್ಕು ಜನರ ಒಡನಾಟ, ಕೆಲಸದ ಕ್ರಮ ಇವೆಲ್ಲ ಸೇರಿರುವುದು ಸುಮ್ಮನೆ ಅಲ್ಲ.

ಹೀಗೆಲ್ಲ ಆಗುವುದೆಂದು ಯಾರಿಗೂ ತಿಳಿದಿರಲಿಲ್ಲ ಎಂಬ ಸಮಾಧಾನ ಇನ್ನು ನಡೆಯದು. ವಿಶ್ವ ಆರೋಗ್ಯ ಸಂಸ್ಥೆ 2020ರ ಮೇ ತಿಂಗಳಿನಲ್ಲಿ 155 ದೇಶಗಳಲ್ಲಿ ನಡೆಸಿದ ಸಮೀಕ್ಷೆಯಲ್ಲಿ, ಶೇಕಡ 63 ದೇಶಗಳಲ್ಲಿ ಪುನಶ್ಚೇತನ ಸೇವೆಗಳು ಅಸ್ತವ್ಯಸ್ತಗೊಂಡಿದ್ದವು. ವಿಶ್ವಸಂಸ್ಥೆಯ ಅಂಗವಿಕಲರ ಹಕ್ಕುಗಳ ಒಡಂಬಡಿಕೆ 2008ರ ಮೇ 3ರಿಂದ ಜಾರಿಯಲ್ಲಿದ್ದು, ಅದರ 11ನೆಯ ವಿಧಿ ವಿಪತ್ತಿನ ಸಂದರ್ಭದಲ್ಲಿ ಅಂಗವಿಕಲರ ರಕ್ಷಣೆಯನ್ನೂ 26ನೆಯ ವಿಧಿ ಪುನಶ್ಚೇತನವನ್ನೂ ಸರ್ಕಾರಗಳ ಹೊಣೆಯೆಂದು ಹೇಳುತ್ತವೆ. ಹೊಸ ಹಕ್ಕನ್ನೇನೂ ನಾವು ಕೇಳುತ್ತಿಲ್ಲ.

ನಾವು ಕೇಳುತ್ತಿರುವುದು ಆದೇಶದಲ್ಲಿ ಸೇರಬೇಕಾದ ಕೆಲವು ವಾಕ್ಯಗಳನ್ನು. ವೈದ್ಯರು ವ್ಯಾಯಾಮವನ್ನು ಚಿಕಿತ್ಸೆಯಾಗಿ ಬರೆದುಕೊಟ್ಟವರು, ಇತರರಿಂದ ಅಂತರ ಕಾಯ್ದುಕೊಂಡು, ದಿನಕ್ಕೆ ಎಷ್ಟು ಸಲ ಅಗತ್ಯವೋ ಅಷ್ಟು ಸಲ ನಡೆಯಲು ಹೊರಬರಬಹುದೆಂಬ ಒಂದು ವಾಕ್ಯ. ಮನೆಗೆ ಬಂದು ನೋಡಿಕೊಳ್ಳುವ ಸಹಾಯಕರು ಆರೋಗ್ಯ ಕಾರ್ಯಕರ್ತರಿಗೆ ಸಮಾನವೆಂದೂ, ಸಂಸ್ಥೆಯ ಗುರುತಿನ ಚೀಟಿ ಇಲ್ಲದಿದ್ದರೆ ರೋಗಿಯ ವೈದ್ಯರು ಕೊಟ್ಟ ಪತ್ರ ಸಾಕೆಂದೂ, ಲಸಿಕೆ ಬಂದಾಗ ಮೊದಲ ಸರದಿಯಲ್ಲೇ ಅವರೂ ಇರುತ್ತಾರೆಂದೂ ಇನ್ನೊಂದು. ಕ್ಯಾತಿಟರ್ ಮತ್ತು ಕೈಗವಸುಗಳ ದಾಸ್ತಾನಿನಲ್ಲಿ ಮನೆಬಳಕೆಯ ಪಾಲನ್ನು ಮೊದಲೇ ಎತ್ತಿಡಬೇಕು, ಮತ್ತು ಅದಕ್ಕಾಗಿ ಇಂಥವರು ಎಲ್ಲೆಲ್ಲಿ ಎಷ್ಟು ಜನ ಇದ್ದಾರೆಂಬ ಪಟ್ಟಿ ಶಾಂತಕಾಲದಲ್ಲೇ ಸಿದ್ಧವಾಗಿರಬೇಕು. ಇದು ವಾಕ್ಯಕ್ಕಿಂತ ಹೆಚ್ಚಿನ ಕೆಲಸ, ನಿಜ. ಬೆನ್ನುಹುರಿಯ ತೊಂದರೆ ಇರುವವರ ಜೊತೆಗಾರರೊಬ್ಬರನ್ನು ರಕ್ಷಣಾ ಉಡುಪು ಕೊಟ್ಟು ವಾರ್ಡಿನೊಳಗೆ ಬಿಡಬೇಕು. ಶಸ್ತ್ರಚಿಕಿತ್ಸೆಗಳನ್ನು ಮುಂದೂಡುವಾಗ, ಎಷ್ಟು ನೋವಿದೆ ಎಂದು ಕೇಳುವುದರ ಜೊತೆಗೆ ಕಾಯಿಸಿದರೆ ಮರಳಿ ಬಾರದಂತೆ ಏನು ಹೋಗುತ್ತದೆ ಎಂದೂ ಕೇಳಬೇಕು. ಇವುಗಳಲ್ಲಿ ಎಲ್ಲವನ್ನೂ ಒಮ್ಮೆಗೇ ಮಾಡಲಾಗದಿದ್ದರೆ, ಸಹಾಯಕರ ಸಂಚಾರಕ್ಕೆ ಸಂಬಂಧಿಸಿದ್ದನ್ನು ಮೊದಲು ಮಾಡಿ, ನನ್ನ ನಡಿಗೆಗೆ ಸಂಬಂಧಿಸಿದ್ದನ್ನು ನಂತರ ಮಾಡಿ.

ಕೊನೆಯದಾಗಿ, ಈ ಪತ್ರಕ್ಕೆ ಸ್ವೀಕೃತಿಯ ಬದಲು ಮೂರು ಪ್ರಶ್ನೆಗಳಿಗೆ ಲಿಖಿತ ಉತ್ತರವನ್ನು ಬಹಿರಂಗವಾಗಿಯೇ ಕೋರುತ್ತೇನೆ. ನಿಮ್ಮ ಸಾಂಕ್ರಾಮಿಕ ಸನ್ನದ್ಧತಾ ಯೋಜನೆಯ ಈಗಿನ ಕರಡಿನಲ್ಲಿ ಫಿಸಿಯೋಥೆರಪಿ ಮತ್ತು ಪುನಶ್ಚೇತನ ಸೇವೆಗಳು ಅವಶ್ಯಕ ಸೇವೆಗಳ ಪಟ್ಟಿಯಲ್ಲಿ ಇವೆಯೇ? ಮನೆಯಲ್ಲಿ ಆರೈಕೆ ಮಾಡುವ ಸಹಾಯಕರಿಗೆ ಸಂಚಾರದ ಅನುಮತಿ ಕೊಡುವ ಅಧಿಕಾರ ಯಾರದೆಂದು ಅದರಲ್ಲಿ ಬರೆದಿದೆಯೇ? ಆ ಕರಡನ್ನು ಸಿದ್ಧಪಡಿಸುವ ಸಮಿತಿಯಲ್ಲಿ ಗಾಲಿಕುರ್ಚಿ ಬಳಸುವ ಅಥವಾ ಬೆನ್ನುಮೂಳೆಯ ದೀರ್ಘಕಾಲದ ಕಾಯಿಲೆಯೊಂದಿಗೆ ಬದುಕುವ ಒಬ್ಬರಾದರೂ ಸದಸ್ಯರಾಗಿದ್ದಾರೆಯೇ? ಇಲ್ಲವೆಂದಾದರೆ, ಕರಡನ್ನು ಅಂತಿಮಗೊಳಿಸುವ ಮೊದಲು ನಮ್ಮ ಮುಂದಿಡಿ. ಓದಿ, ತಿದ್ದುಪಡಿಗಳನ್ನು ಬರೆದು ಕಳಿಸುತ್ತೇವೆ.

ಇತಿ,
ಬೆನ್ನುಮೂಳೆಯ ದೀರ್ಘಕಾಲದ ಕಾಯಿಲೆಯೊಂದಿಗೆ ಬದುಕುತ್ತಿರುವ ಒಬ್ಬ ನಾಗರಿಕ